ವರಾಂಡಾ ಪೀಠಲಕ್ಷಣ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನಾದವನು ಅನುಭವಿಸಬೇಕಾದ ಇಪ್ಪತ್ತು ಉಪಭೋಗಗಳ ವಿವರವಿದೆ. ಸ್ನಾನ, ತಾಂಬೂಲ, ಪಾದುಕೆ, ಛತ್ರ, ಒಂದೊಂದಕ್ಕೂ ಒಂದೊಂದು ಅಧ್ಯಾಯ. ಕೂರುವ ಆಸನಕ್ಕೇ ಒಂದು, ಮಲಗುವ ಶಯ್ಯೆಗೇ ಮತ್ತೊಂದು. ಅಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡಿದ ದೊರೆಯೂ ಒಂದು ಭೋಗವನ್ನು ಬಿಟ್ಟುಬಿಟ್ಟ. ನಡುಮನೆಯಲ್ಲಿ ದುಡಿದು ಹಣ್ಣಾದ ಸೋಫಾವನ್ನು ವರಾಂಡಾಕ್ಕೆ ದಬ್ಬಿ, ಅದರ ಮೇಲೆ ಕಾಲು ಮಡಚಿ ಕೂತು, ಗ್ರಿಲ್ಲಿನ ಸಂದಿಯಿಂದ ಬೀದಿ ನೋಡುವ ಭೋಗ ಅದು. ದೊರೆಯದೇನೂ ತಪ್ಪಿಲ್ಲ. ಹಳೇ ಸಿಂಹಾಸನವನ್ನು ಎಲ್ಲಿಡುವುದು ಎಂಬ ಪ್ರಶ್ನೆ ಏಳಬೇಕಾದರೆ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿರಬೇಕು.

ಆ ಕೊರತೆಯನ್ನು ತುಂಬಲು ಈ ಕಿರುಗ್ರಂಥ. ಇದರ ವ್ಯಾಪ್ತಿ ರಾಜಾಜಿನಗರದಿಂದ ಕೆಂಗೇರಿ ಉಪನಗರದವರೆಗೆ. ನಡುವೆ ಬಸವೇಶ್ವರನಗರ, ವಿಜಯನಗರಗಳು ಬರುತ್ತವೆ. ಬೆಂಗಳೂರಿನ ಬೇರೆ ದಿಕ್ಕುಗಳಲ್ಲಿ ವರಾಂಡಾಕ್ಕೆಂದೇ ಬೇರೆ ಕುರ್ಚಿ ಕೊಳ್ಳುವವರೂ ಇದ್ದಾರೆಂದು ಕೇಳಿದ್ದೇವೆ. ಅಂಥವರಿಗೆ ಈ ಶಾಸ್ತ್ರ ಅನ್ವಯಿಸುವುದಿಲ್ಲ. ಅವರಿಗೆ ಶಾಸ್ತ್ರದ ಅಗತ್ಯವೂ ಇಲ್ಲ, ಅಂಗಡಿಯವನೇ ಸಾಕು.

ಕ್ಷೇತ್ರ ಪ್ರಕರಣ

ಮೇಲೆ ಮೋಲ್ಡು, ಮುಂದೆ ಕಬ್ಬಿಣದ ಗ್ರಿಲ್, ಗ್ರಿಲ್ಲಿಗೆ ಒಳಗಿನಿಂದ ಹೊಡೆದ ಸೊಳ್ಳೆ ಮೆಶ್, ಕೆಳಗೆ ರೆಡ್ ಆಕ್ಸೈಡೋ ಟೈಲ್ಸೋ. ಇದು ವರಾಂಡಾದ ಸಾಮಾನ್ಯ ಲಕ್ಷಣ. ಚಪ್ಪಲಿ ಬಿಡಬೇಕು, ಆದರೆ ಕಾಲು ತೊಳೆಯಬೇಕಿಲ್ಲ ಎಂಬುದು ವಿಶೇಷ ಲಕ್ಷಣ. ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗ ಹುಡುಕಿ ನರಸಿಂಹ ಹೊಸ್ತಿಲ ಮೇಲೆ ಇಕ್ಕಟ್ಟಿನಲ್ಲಿ ಕೂರಬೇಕಾಯಿತು. ಹಿರಣ್ಯಕಶಿಪುವಿನ ಅರಮನೆ ಬಸವೇಶ್ವರನಗರದಲ್ಲಿದ್ದಿದ್ದರೆ ವರಾಂಡಾ ಸಿಗುತ್ತಿತ್ತು, ಕೂರಲು ಒಂದು ಹಳೇ ದಿವಾನವೂ ಸಿಗುತ್ತಿತ್ತು.

ಮೆಶ್ ಏಕೆ ಬೇಕೆಂದು ಪರವೂರಿನವರು ಕೇಳುವುದುಂಟು. ಉತ್ತರ ಭೂಗೋಳದಲ್ಲಿದೆ. ವೃಷಭಾವತಿಯ ಒಂದು ಕವಲು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆಂದು ಪ್ರತೀತಿ. ಇನ್ನೊಂದು ಕವಲು ಪೀಣ್ಯದ ಕಡೆಯಿಂದ ಇಳಿದು, ನಮ್ಮ ಬಡಾವಣೆಗಳ ಮಗ್ಗುಲಿನ ನೀರನ್ನೆಲ್ಲ ಕೂಡಿಸಿಕೊಂಡು, ಮೈಸೂರು ರಸ್ತೆಯ ಜೊತೆಜೊತೆಗೇ ಸಾಗಿ, ಕೆಂಗೇರಿ ದಾಟಿ ಬೈರಮಂಗಲದ ಕೆರೆ ಸೇರುತ್ತದೆ. ನೀರು ಎನ್ನುವುದು ಸೌಜನ್ಯದ ಮಾತು. ಪಶ್ಚಿಮ ಬೆಂಗಳೂರಿನ ವರಾಂಡಾಗಳನ್ನು ಒಂದೇ ಕುಲವಾಗಿ ಬೆಸೆದಿರುವುದು ಈ ಹೊಳೆ, ಅಂದರೆ ಅದರ ಸೊಳ್ಳೆ. ರಾಜಕಾಲುವೆಗೆ ಹತ್ತಿರದ ಮನೆಗಳಲ್ಲಿ ಹೊರಗಿಟ್ಟ ಡ್ರೆಸ್ಸಿಂಗ್ ಟೇಬಲ್ಲಿನ ಹಿತ್ತಾಳೆ ಹಿಡಿ ಬೇಗ ಕಪ್ಪಾಗುವುದಕ್ಕೂ ಕಾರಣ ಅಲ್ಲೇ ಇದೆ: ಕೊಳೆನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್. ಮೆಶ್ ಸೊಳ್ಳೆಯನ್ನು ತಡೆಯುತ್ತದೆ, ಅನಿಲವನ್ನಲ್ಲ.

ಇನ್ನು ಶಾಖಾಭೇದ. ರಾಜಾಜಿನಗರದ್ದು ಮೂಲಶಾಖೆ. 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಕಾಲದ ಬಡಾವಣೆ. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರು ಹೊತ್ತದ್ದು. ಮಿಲ್ಲು, ಕಾರ್ಖಾನೆ, ಸರ್ಕಾರಿ ಕಚೇರಿಗಳಿಗೆ ಸೈಕಲ್ಲಿನಲ್ಲಿ ಹೋಗಿಬಂದವರು ಕಟ್ಟಿಸಿದ ಮನೆಗಳಲ್ಲಿ ಮೂರು ಮೆಟ್ಟಿಲು ಹತ್ತಿದರೆ ವರಾಂಡಾ, ಅದರಲ್ಲಿ ಇಬ್ಬರು ಕೂತು ಮೂರನೆಯವರು ದಾಟುವಷ್ಟು ಅಗಲ. ಇಲ್ಲಿನ ಪೀಠಗಳು ಸ್ಥಾವರ. ಒಮ್ಮೆ ಇಟ್ಟರೆ ಆಯುಧಪೂಜೆಗೆ ತೊಳೆಯುವಾಗ ಮಾತ್ರ ಅಲುಗುತ್ತವೆ.

ವಿಜಯನಗರ ಶಾಖೆಯಲ್ಲಿ ವರಾಂಡಾವನ್ನು ಕಾರು ನುಂಗಿತು. ಮನೆ ಮುಂದಿನ ಪೋರ್ಟಿಕೋದಲ್ಲಿ ರಾತ್ರಿ ಕಾರು, ಹಗಲು ಸೋಫಾ. ಬೆಳಗ್ಗೆ ಒಂಬತ್ತಕ್ಕೆ ಮಗ ಕಾರು ತೆಗೆದ ಕೂಡಲೇ ಗೋಡೆಗಾನಿಸಿದ್ದ ಎರಡು ಸಿಂಗಲ್ ಸೀಟರುಗಳು ಮುಂದೆ ಬರುತ್ತವೆ. ಸಂಜೆ ಹಾರ್ನ್ ಕೇಳಿದೊಡನೆ ಹಿಂದೆ ಸರಿಯುತ್ತವೆ. ಇವು ಜಂಗಮ ಪೀಠಗಳು. ಹೆಸರಿನ ಬಲದಿಂದ ಜಂಗಮ ಪಕ್ಷ ಬಸವೇಶ್ವರನಗರಕ್ಕೆ ಸೇರಬೇಕಿತ್ತು ಎಂದು ಅಲ್ಲಿನ ಹಾವನೂರು ವೃತ್ತದ ಕಡೆಯವರು ತಕರಾರು ತೆಗೆದಿದ್ದಾರೆ. ಆದರೆ ಅವರದು ಮೊದಲ ಮಹಡಿಯ ಗ್ರಿಲ್ ಬಾಲ್ಕನಿ. ಸೋಫಾವನ್ನು ಮೆಟ್ಟಿಲಲ್ಲಿ ತಿರುಗಿಸಿ ಅಲ್ಲಿಗೆ ಏರಿಸುವುದೇ ಒಂದು ಜನ್ಮದ ಕೆಲಸವಾದ್ದರಿಂದ ಅದೂ ಸ್ಥಾವರವೇ.

ಕೆಂಗೇರಿಯದು ಕಿರಿಯ ಶಾಖೆ. 2021ರ ಆಗಸ್ಟಿನಲ್ಲಿ ಅಲ್ಲಿಗೆ ಮೆಟ್ರೋ ಬಂತು. ಅದಕ್ಕೂ ಮುಂಚೆಯೇ ರಾಜಾಜಿನಗರದ ಪಾಲುಪತ್ರಗಳು ಅಲ್ಲಿಗೆ ತಲುಪಿದ್ದವು. ಮನೆ ಮಾರಿ ಹಂಚಿಕೊಂಡ ಅಣ್ಣತಮ್ಮಂದಿರು ಫ್ಲ್ಯಾಟಿಗೆ ಬಂದರು, ಜೊತೆಗೆ ಅಪ್ಪನ ಬೀರು ಬಂತು. ಬಾಲ್ಕನಿಗೆ ಕಟ್ಟಿದ ಪಾರಿವಾಳದ ಬಲೆಯ ಹಿಂದೆ ಆ ಬೀರು ನಿಂತಿರುವುದನ್ನು ಮೆಟ್ರೋ ಕಿಟಕಿಯಿಂದಲೂ ಕಾಣಬಹುದು.

ನಿಷ್ಕ್ರಮಣ ಪ್ರಕರಣ

ಹುಟ್ಟಿದ ಕೂಸನ್ನು ಮೊದಲ ಸಲ ಮನೆಯಿಂದ ಹೊರಗೆ ತಂದು ಸೂರ್ಯನನ್ನು ತೋರಿಸುವ ಸಂಸ್ಕಾರಕ್ಕೆ ನಿಷ್ಕ್ರಮಣ ಎನ್ನುತ್ತಾರೆ. ಪೀಠಗಳಿಗೆ ಈ ಸಂಸ್ಕಾರ ಮುಪ್ಪಿನಲ್ಲಿ ನಡೆಯುತ್ತದೆ. ನಿಮಿತ್ತಗಳು ಮೂರು. ಹೆಣ್ಣು ನೋಡಲು ಗಂಡಿನ ಕಡೆಯವರು ಬರುವುದು, ಟಿವಿ ಗೋಡೆಗೇರುವುದು, ಅಮೆರಿಕದಿಂದ ಮಗ ಬಂದು “ಏನಪ್ಪಾ ಇದು ಇನ್ನೂ ಇದೆಯಾ” ಎನ್ನುವುದು. ನಿಮಿತ್ತ ಯಾವುದೇ ಆಗಿರಲಿ, ಮಂತ್ರ ಒಂದೇ:

“ರೀ, ಇದನ್ನ ಗುಜರಿಯವನಿಗೆ ಕೊಟ್ಬಿಡಿ.”

“ಮರ ಇನ್ನೂ ಗಟ್ಟಿಯಾಗಿದೆ ಕಣೇ.”

“ಹಾಗಾದ್ರೆ ಹೊಸದನ್ನ ನಿಮ್ಮ ತಲೆ ಮೇಲೆ ಇಟ್ಕೊಳ್ಳಿ.”

“ಸದ್ಯಕ್ಕೆ ಹೊರಗಡೆ ಹಾಕೋಣ.”

2015ರಲ್ಲಿ ಆಯ್ಕೆಯಾದ ಬೆಂಗಳೂರು ಪಾಲಿಕೆಯ ಅವಧಿ 2020ರಲ್ಲಿ ಮುಗಿದಾಗಲೂ ಸದ್ಯಕ್ಕೆ ಆಡಳಿತಾಧಿಕಾರಿ ಇರಲಿ ಎಂದಿದ್ದರು. ವರ್ಷಗಟ್ಟಲೆ ಚುನಾವಣೆ ಬರಲಿಲ್ಲ. ಸೋಫಾದ ವಿಷಯದಲ್ಲೂ ಇದೇ ಕಾಲಮಾನವನ್ನು ಹಿಡಿಯತಕ್ಕದ್ದು.

ಇಲ್ಲೊಂದು ನಿಯಮವನ್ನು ಸೂತ್ರವಾಗಿ ಹೇಳಬಹುದು: ನಡುಮನೆಯಿಂದ ಯಾವ ಪೀಠವೂ ನೇರವಾಗಿ ಗುಜರಿಗೆ ಹೋಗದು. ಸಾಲ ತೆಗೆದು ಕೊಂಡ ವಸ್ತುವನ್ನು ಸಾಲ ತೀರಿದ ಮರುದಿನವೇ ಎಸೆಯಲು ಯಾವ ಸಂಬಳದಾರನಿಗೂ ಕೈ ಬರುವುದಿಲ್ಲ. ಅದನ್ನು ಎಸೆಯಬಹುದೆಂದು ತೋರಿಸಿಕೊಡುವ ಕೆಲಸವನ್ನು ಆತ ಮಳೆಗೆ ವಹಿಸುತ್ತಾನೆ.

ಸಂಧಿ ಪ್ರಕರಣ

ಒಳಗಿನ ವಸ್ತು ಹೊರಗಿನ ಜಾಗವನ್ನು ಕೂಡಿದಾಗ ಆಗುವ ವ್ಯತ್ಯಾಸವನ್ನು ವಿವರಿಸಲು ಕೇಶಿರಾಜನನ್ನು ಬಿಟ್ಟರೆ ಬೇರೆ ಗತಿಯಿಲ್ಲ. 13ನೇ ಶತಮಾನದ ‘ಶಬ್ದಮಣಿದರ್ಪಣ’ ಅಕ್ಷರಗಳಿಗೆ ಹೇಳಿದ್ದು ಪೀಠಗಳಿಗೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಹೈಸ್ಕೂಲಿನಲ್ಲಿ ಅದನ್ನು ಉರು ಹೊಡೆದ ಶ್ರಮ ಕೊನೆಗೂ ಉಪಯೋಗಕ್ಕೆ ಬಂತು.

ಲೋಪ ಸಂಧಿ: ಕೂಡುವಾಗ ಇದ್ದದ್ದು ಬಿಟ್ಟುಹೋಗುವುದು. ಶೋಕೇಸ್ ಹೊರಗೆ ಬಂದರೆ ಮೊದಲು ಗಾಜು ಲೋಪ, ಆಮೇಲೆ ಹಿಡಿ, ಆಮೇಲೆ ನಡುವಿನ ಹಲಗೆ. ಡ್ರೆಸ್ಸಿಂಗ್ ಟೇಬಲ್ಲಿಗೆ ಕನ್ನಡಿಯೇ ಲೋಪ. ಬೀದಿಗೆ ಮುಖ ಮಾಡಿದ ಕನ್ನಡಿಯನ್ನು ಮನೆಯ ಹಿರಿಯರು ಒಪ್ಪುವುದಿಲ್ಲ, ಅದರಲ್ಲಿ ತನ್ನನ್ನೇ ಕಂಡ ನಾಯಿ ಸುಮ್ಮನಿರುವುದಿಲ್ಲ. ಎಷ್ಟೇ ಲೋಪವಾದರೂ ಕೆಳಗಿನ ಡ್ರಾಯರಿನಲ್ಲಿರುವ ಕೆಇಬಿ ಕಾಲದ ಕರೆಂಟ್ ಬಿಲ್ಲುಗಳು ಮಾತ್ರ ಉಳಿಯುತ್ತವೆ. ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, ಅದರಿಂದ ಬೆಸ್ಕಾಂ ಹುಟ್ಟಿತು, ಬಿಲ್ಲುಗಳಿಗೆ ಅದರ ಸುದ್ದಿ ಮುಟ್ಟಿಲ್ಲ.

ಆಗಮ ಸಂಧಿ: ಇಲ್ಲದ್ದು ಹೊಸದಾಗಿ ಬಂದು ಸೇರುವುದು. ವರಾಂಡಾ ತೊಳೆದ ನೀರು ಕಾಲಿಗೆ ಹೀರದಿರಲೆಂದು ಬೀರುವಿನ ನಾಲ್ಕು ಕಾಲಿಗೆ ನಾಲ್ಕು ಟೈಲ್ಸ್ ಚೂರು, ಕುಂಟುವ ದಿವಾನಕ್ಕೆ ಅರ್ಧ ಇಟ್ಟಿಗೆ, ಸೋಫಾಕ್ಕೆ ಹಳೇ ಬೆಡ್‌ಶೀಟು. ಇವೆಲ್ಲ ಸಾಮಾನ್ಯ ಆಗಮಗಳು. ಶ್ರೇಷ್ಠವಾದದ್ದು ಫ್ಲೆಕ್ಸಾಗಮ. ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರಿದ ಬ್ಯಾನರ್ ಮಳೆಗೆ ಇದ್ದ ಅತ್ಯುತ್ತಮ ಹೊದಿಕೆಯಾಗಿತ್ತು. 2018ರಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಪಾಲಿಕೆ ಬೀದಿಗಳ ಫ್ಲೆಕ್ಸುಗಳನ್ನೆಲ್ಲ ಕಿತ್ತಿತು. ಕಿತ್ತವುಗಳಲ್ಲಿ ಎಷ್ಟೋ ಸೋಫಾಗಳ ಮೇಲೆ ಪುನರ್ಜನ್ಮ ಪಡೆದವು. ಇದರಲ್ಲೂ ಉಪಭೇದವಿದೆ. ನಾಯಕರ ಮುಖ ಮೇಲಾಗಿ ಹೊದಿಸಿದರೆ ಆ ಮನೆ ಕಾರ್ಯಕರ್ತನದು, ಮುಖ ಕೆಳಗಾಗಿ ಹೊದಿಸಿದರೆ ಮತದಾರನದು.

ಆದೇಶ ಸಂಧಿ: ಒಂದರ ಜಾಗಕ್ಕೆ ಇನ್ನೊಂದು ಬರುವುದು. ಕತಪಗಳು ಹೋಗಿ ಗದಬಗಳು ಬಂದಂತೆ ಟಿವಿ ಹೋಗಿ ಚಪ್ಪಲಿ ಬರುತ್ತದೆ. ಇದನ್ನು ಕೊಂಚ ವಿಸ್ತರಿಸಬೇಕು. ಹಿಂದೆ ದಪ್ಪ ಪೃಷ್ಠದ ಟಿವಿ ಕೂರಲು ಒಂದೂವರೆ ಅಡಿಗಿಂತ ಕಡಿಮೆಯಿಲ್ಲದ ಆಳದ ಸ್ಟ್ಯಾಂಡ್ ಬೇಕಿತ್ತು. ಕೆಳಗೆ ವಿಸಿಪಿಗೊಂದು ಖಾನೆ, ಕ್ಯಾಸೆಟ್ಟಿಗೊಂದು ಖಾನೆ, ಮಕ್ಕಳು ಮುಟ್ಟದಿರಲೆಂದು ಎಳೆಯುವ ಷಟರ್. ಟಿವಿ ಸಪೂರವಾಗಿ ಗೋಡೆಗೇರಿದ ದಿನ ಆ ಸ್ಟ್ಯಾಂಡು ನಿರುದ್ಯೋಗಿಯಾಯಿತು. ಆದರೆ ಗಂಡಸರ ಒಂಬತ್ತನೇ ನಂಬರ್ ಬೂಟು ಒಂದಡಿಯೊಳಗೇ ಮುಗಿಯುತ್ತದೆ. ವಿಸಿಪಿ ಖಾನೆಯಲ್ಲಿ ಮೂರು ಜೊತೆ ಹಿಡಿಯುತ್ತದೆ. ಷಟರು ನಾಯಿಯನ್ನೂ ವಾಸನೆಯನ್ನೂ ತಡೆಯುತ್ತದೆ. ಚಪ್ಪಲಿ ಸ್ಟ್ಯಾಂಡೆಂದೇ ಮಾರುವ ಎಷ್ಟೋ ವಸ್ತುಗಳಿಗಿಂತ ಇದು ಒಳ್ಳೆಯದೆಂಬುದು ಈ ಗ್ರಂಥಕಾರನ ದೃಢ ಅಭಿಪ್ರಾಯ. ನಮ್ಮ ಭಾಗದಲ್ಲಿ ಈಗಲೂ ಟಿವಿ ಸ್ಟ್ಯಾಂಡಿಗೆ ಸಮನಾದ ಆದೇಶರೂಪವಿಲ್ಲ. ತೊಟ್ಟಿಲಲ್ಲಿ ಈರುಳ್ಳಿ, ಡೈನಿಂಗ್ ಟೇಬಲ್ ಮೇಲೆ ಇಸ್ತ್ರಿ, ಶೋಕೇಸಿನಲ್ಲಿ ಹೆಲ್ಮೆಟ್ಟು, ಇವೆಲ್ಲ ಅದರ ಹಿಂದೆ ನಿಲ್ಲತಕ್ಕವು.

ನಾಲ್ಕನೆಯದು ಸಂಧಿಯೇ ಆಗದ ಪ್ರಕೃತಿಭಾವ. ತೇಗದ ಈಸಿ ಚೇರು ಇದಕ್ಕೆ ಉದಾಹರಣೆ. ಅದು ಒಳಗೆ ಹೇಗಿತ್ತೋ ಹೊರಗೂ ಹಾಗೇ ಇರುತ್ತದೆ. ಬಣ್ಣ ಮಾತ್ರ ಬೂದಿಯಾಗುತ್ತದೆ. ತೇಗದೊಳಗಿನ ಎಣ್ಣೆಯೂ ಸಿಲಿಕಾವೂ ಅದನ್ನು ನೀರಿನಿಂದ, ಗೆದ್ದಲಿನಿಂದ ಕಾಯುತ್ತವೆ. ಬಟ್ಟೆ ಹರಿದರೆ ಎರಡು ಮೀಟರ್ ಕ್ಯಾನ್ವಾಸ್ ತಂದು ಹೊಲಿಸಿದರಾಯಿತು. ಬೀಟೆಗೆ ಈ ಯೋಗವಿಲ್ಲ. ಹೆಚ್ಚು ಬೆಲೆಯ ಮರವಾದರೂ ಬಿಸಿಲಿಗೆ ಸೀಳು ಬಿಡುತ್ತದೆ. ಬೆಲೆಗೂ ಬಾಳಿಕೆಗೂ ಸಂಬಂಧವಿದೆಯೆಂದು ವಾದಿಸುವವರ ಮುಂದೆ ಇವೆರಡನ್ನೂ ಅಕ್ಕಪಕ್ಕ ಇಡಬೇಕು.

ಅರಿ ಪ್ರಕರಣ

ಛಾವಣಿಯಿದೆ, ಇನ್ನೇನು ಭಯ ಎನ್ನುವುದು ಪೂರ್ವಪಕ್ಷ. ಅದನ್ನು ಖಂಡಿಸುತ್ತೇವೆ. ಛಾವಣಿ ಕಾಯುವುದು ನೆತ್ತಿಯ ಮೇಲಿಂದ ಬರುವ ಶತ್ರುವನ್ನು ಮಾತ್ರ. ನಮ್ಮ ಶತ್ರುಗಳು ಪಕ್ಕದಿಂದ ಬರುತ್ತಾರೆ.

ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ನಡುಹಗಲು ಸೂರ್ಯ ನೆತ್ತಿಯ ಮೇಲೆ ನಿಂತು ಕಂಬದ ನೆರಳು ಕಂಬದ ಬುಡದಲ್ಲೇ ಮಡಿಯುತ್ತದೆ. ಶೂನ್ಯ ನೆರಳಿನ ಆ ದಿನ ಶಾಲೆಯ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ನೋಡುತ್ತಾರೆ. ಆ ಉಗ್ರ ಸೂರ್ಯನಿಂದ ವರಾಂಡಾದ ಸೋಫಾಕ್ಕೆ ಎಳ್ಳಷ್ಟೂ ಕೇಡಿಲ್ಲ. ಕೇಡಿರುವುದು ಸಂಜೆ ನಾಲ್ಕೂವರೆಯ ಸಾಧು ಸೂರ್ಯನಿಂದ. ಪಡುವಣದಲ್ಲಿ ತಗ್ಗಿ ನಿಂತ ಅವನು ಎರಡಡಿ ಸಜ್ಜಾದ ಅಡಿಯಿಂದ ನುಸುಳಿ, ಆರಡಿ ವರಾಂಡಾ ದಾಟಿ, ಹೊಸ್ತಿಲ ರಂಗೋಲಿಯವರೆಗೆ ಬರುತ್ತಾನೆ. ಪಶ್ಚಿಮಕ್ಕೆ ಬಾಗಿಲಿರುವ ಮನೆಯಲ್ಲಿ ಸೋಫಾದ ಎಡಗೈ ಕಂದು, ಬಲಗೈ ಕೆನೆಬಣ್ಣವಾಗಿದ್ದರೆ ಆಶ್ಚರ್ಯಪಡಬೇಕಿಲ್ಲ. ಬಲಗಡೆ ಬಿಸಿಲು ಬೀಳುತ್ತದೆ, ಎಡಗಡೆ ಗ್ಯಾಸ್ ಸಿಲಿಂಡರ್ ಅಡ್ಡವಿದೆ.

ಬಿಸಿಲು ರೆಕ್ಸಿನ್ನಿನ ಮೆದುತನವನ್ನು ಕದಿಯುತ್ತದೆ. ಪಿವಿಸಿಯನ್ನು ಬಾಗುವಂತೆ ಮಾಡಲು ಬೆರೆಸಿದ ಎಣ್ಣೆಯಂಥ ದ್ರವ್ಯ ಕಾವಿಗೆ ಮೆಲ್ಲಗೆ ಹೊರಬಿದ್ದು, ಉಳಿದ ಹಾಳೆ ಪೆಡಸಾಗಿ ಬಿರಿಯುತ್ತದೆ. ಬಿರುಕಿನಿಂದ ಬೆಳಕು, ತೇವ, ಗಾಳಿ ಮೂರೂ ಒಳಗಿನ ಫೋಮನ್ನು ತಲುಪುತ್ತವೆ. ಫೋಮು ಮೊದಲು ಹಳದಿ, ಆಮೇಲೆ ಪುಡಿ. ಕೂತು ಎದ್ದ ನೆಂಟರ ಪ್ಯಾಂಟಿನ ಹಿಂದೆ ಉಪ್ಪಿಟ್ಟಿನ ರವೆಯಂಥದ್ದು ಅಂಟಿದ್ದರೆ ಅದು ಈ ಅವಸ್ಥೆ. ಹೇಳುವುದೋ ಬೇಡವೋ ಎಂಬುದು ನೆಂಟಸ್ತಿಕೆಯ ಮೇಲೆ ನಿಂತಿದೆ.

ಮಳೆಯ ಮಾರ್ಗ ಇನ್ನೂ ಕುಟಿಲ. ಆಷಾಢದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಹನಿ ಸಣ್ಣದು, ಹೊಡೆತ ಅಡ್ಡಕ್ಕೆ. ಅಕ್ಟೋಬರ್ ಕಳೆದು ಹಿಂಗಾರು ಬಂದರೆ ಅದೇ ಎರಚಲು ಮೂಡಣ ಈಶಾನ್ಯದಿಂದ. ಆದ್ದರಿಂದ ಪಶ್ಚಿಮ ಬಾಗಿಲಿನ ಮನೆಯ ಸೋಫಾ ಜುಲೈನಲ್ಲಿ ನೆನೆದರೆ, ಎದುರುಮನೆಯ ಸೋಫಾ ನವೆಂಬರಿನಲ್ಲಿ ನೆನೆಯುತ್ತದೆ. ವಾಸ್ತು ನೋಡಿ ಪೂರ್ವದ ಬಾಗಿಲಿಗೆ ಹೆಚ್ಚು ಕೊಟ್ಟು ಸೈಟು ಕೊಂಡವರು ಸಂಜೆಯ ಬಿಸಿಲಿನಿಂದ ಪಾರಾಗಿದ್ದಾರೆ, ಮಳೆಯಿಂದಲ್ಲ. ಏಪ್ರಿಲ್ ಮೇ ತಿಂಗಳ ಗುಡುಗುಮಳೆಗಂತೂ ದಿಕ್ಕೇ ಇಲ್ಲ. ಆಲಿಕಲ್ಲು ಕೂಡ ಮೆಶ್ ಹರಿದು ಒಳಗೆ ಬಂದು ಕುಶನ್ ಮೇಲೆ ಕೂತದ್ದುಂಟು.

ನೀರಿಗೆ ಬಿದ್ದಾಗ ಯಾವುದರ ಕುಲವೇನೆಂದು ತಿಳಿಯುತ್ತದೆ. ಪ್ಲೈವುಡ್‌ನಲ್ಲಿ ಸಾಮಾನ್ಯ ಬಳಕೆಯದಕ್ಕೆ ಭಾರತೀಯ ಮಾನಕ 303, ಮರೀನ್ ಪ್ಲೈಗೆ 710. ಹಾಳೆಯ ಅಂಚಿನಲ್ಲೇ ಅಚ್ಚೊತ್ತಿರುತ್ತದೆ. 303ರಲ್ಲೇ ತೇವ ತಾಳುವ ಎಂಆರ್, ಕುದಿನೀರು ತಾಳುವ ಬಿಡಬ್ಲ್ಯುಆರ್ ಎಂದು ಎರಡು ಪಂಗಡ. ಎಂಆರ್ ಎಂದರೆ ಹೊರಗಿಡಬಹುದು ಎಂದಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು ಎಂದಷ್ಟೇ. ಪಾರ್ಟಿಕಲ್ ಬೋರ್ಡಿನ ಗತಿ ಅದಕ್ಕೂ ಶೋಚನೀಯ. ಅಂಟಿನಲ್ಲಿ ಒತ್ತಿ ಹಿಡಿದ ಮರದ ಚೂರುಗಳು ನೀರು ಕಂಡೊಡನೆ ಉಬ್ಬುತ್ತವೆ, ಅಂಟು ಸೋಲುತ್ತದೆ, ಒಣಗಿದರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಕಾಲುಗಳಿಂದ ಮೇಲಕ್ಕೆ ಬಾತುಕೊಂಡು ಆನೆಕಾಲು ರೋಗ ಬಂದಂತಾಗುತ್ತದೆ. ಆನ್‌ಲೈನಿನಲ್ಲಿ ತರಿಸಿ ನಾಲ್ಕು ಸ್ಕ್ರೂ ಕೊಟ್ಟು ಜೋಡಿಸಿಕೊಳ್ಳಿ ಎಂದ ಮೇಜುಗಳಿಗೆ ವರಾಂಡಾಯೋಗ ಒಂದೇ ಮಳೆಗಾಲ. ಅವು ಮುಂದಿನ ಪೀಳಿಗೆಯ ವರಾಂಡಾವನ್ನು ಖಾಲಿ ಮಾಡಲಿವೆ. ಅಪ್ಪನ ಬೀರುವಿನ ಹಾಗೆ ಮಗನ ಮೇಜು ಯಾರ ಬಾಲ್ಕನಿಗೂ ವಲಸೆ ಹೋಗಲಾರದು.

ಪ್ಲಾಸ್ಟಿಕ್ ಕುರ್ಚಿಯ ಹೆಸರನ್ನು ಎತ್ತದಿದ್ದರೆ ಗ್ರಂಥ ಅಪೂರ್ಣವೆಂದು ಆಕ್ಷೇಪ ಬರಬಹುದು. ಫ್ರಾನ್ಸಿನ ಹೆನ್ರಿ ಮಸೊನೆ 1972ರಲ್ಲಿ ತಂದ ಒಂದೇ ಎರಕದ ಕುರ್ಚಿಯ ವಂಶಸ್ಥರು ಇಂದು ಗಣೇಶನ ಪೆಂಡಾಲಿನಿಂದ ತಿಥಿಯೂಟದವರೆಗೆ ಎಲ್ಲೆಡೆ ಇದ್ದಾರೆ. ಆದರೆ ಅದು ಹುಟ್ಟಿನಿಂದಲೇ ಹೊರಗಿನದು. ನಿಷ್ಕ್ರಮಣವಾಗದ್ದು ನಮ್ಮ ವಿಷಯವಲ್ಲ.

ಉಪವೇಶಿ ಪ್ರಕರಣ

ಯಾರು ಎಲ್ಲಿ ಕೂರಬೇಕೆಂಬುದನ್ನು ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತಿದೆ. ಒಳಗೆ ಕರೆಯುವಷ್ಟು ಹತ್ತಿರದವರಲ್ಲ, ನಿಲ್ಲಿಸಿ ಮಾತಾಡಿಸುವಷ್ಟು ದೂರದವರೂ ಅಲ್ಲ, ಅಂಥವರು ವರಾಂಡಾದ ಪೀಠಕ್ಕೆ ಅಧಿಕಾರಿಗಳು. ಎಲ್‌ಐಸಿ ಏಜೆಂಟರು, ಮೇಲಿನ ಮನೆ ಬಾಡಿಗೆಗಿದೆಯಾ ಎಂದು ಬಂದವರು, ರಾಜ್ಯೋತ್ಸವದ ಚಂದಾ ಪುಸ್ತಕ ಹಿಡಿದ ಹುಡುಗರು, ಮಗಳ ಮದುವೆಯ ಕರೆಯೋಲೆ ತಂದ ಹಳೇ ಸಹೋದ್ಯೋಗಿ. ಕೊನೆಯವರನ್ನು ಕೂತಲ್ಲಿಂದ ಎಬ್ಬಿಸಿ ಒಳಗೆ ಕರೆದೊಯ್ಯುತ್ತಾರೆ. ಉಳಿದವರಿಗೆ ಕಾಫಿ ಹೊರಗೇ ಬರುತ್ತದೆ, ಬಂದರೆ.

ಇದರ ಬೇರು ಅಷ್ಟೇನೂ ನಗುವಂಥದ್ದಲ್ಲ. ಹಳ್ಳಿಯ ಜಗಲಿಯ ಮೇಲೆ ಯಾರು ಹತ್ತಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ನಗರದ ವರಾಂಡಾ ಆ ಗೆರೆಯನ್ನು ಅಳಿಸಿದೆ ಎಂದು ಎದೆ ತಟ್ಟಿ ಹೇಳುವ ಧೈರ್ಯ ಈ ಗ್ರಂಥಕಾರನಿಗಿಲ್ಲ. ಕೆಲವು ಮನೆಗಳಲ್ಲಿ ಮನೆಗೆಲಸಕ್ಕೆ ಬರುವ ಹೆಂಗಸು ಸೋಫಾವನ್ನು ಒರೆಸುತ್ತಾಳೆ, ಆದರೆ ತನ್ನ ಚಹಾವನ್ನು ಮೆಟ್ಟಿಲ ಮೇಲೆ ಕೂತೇ ಕುಡಿಯುತ್ತಾಳೆ. ಬೆಕ್ಕು ಸೋಫಾದ ಮೇಲೇ ಇರುತ್ತದೆ.

ಮಂಗಳೂರು ಪೂರ್ವಪಕ್ಷ

ಕರಾವಳಿಯಿಂದ ಬಂದು ವಿಜಯನಗರದಲ್ಲಿ ನೆಲೆಸಿದವರು ಈ ಶಾಸ್ತ್ರವನ್ನೇ ಒಪ್ಪುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಸೋಫಾವನ್ನು ಹೊರಗಿಟ್ಟರೆ ಅದರ ಮೇಲೆ ಅಣಬೆ ಏಳುತ್ತದೆ, ಕೂರಲು ನಾವೇಕೆ ಅದನ್ನು ಹುಡುಕಬೇಕು ಎಂಬುದು ಅವರ ಪ್ರಶ್ನೆ. ಅವರ ಮಾತಿನಲ್ಲಿ ಬಲವಿದೆ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಕೂರುವ ಜಾಗವನ್ನು ಮನೆಯೊಡನೆಯೇ ಕಟ್ಟಿಬಿಟ್ಟರು. ಇಳಿಮಾಡಿನ ಕೆಳಗೆ ಮೊಣಕಾಲೆತ್ತರದ ಜಗಲಿ, ನುಣುಪು ನೆಲ, ಒರಗಲು ಕಂಬ. ಅದಕ್ಕೆ ಕಾಲಿಲ್ಲ, ಮುರಿಯುವುದಿಲ್ಲ; ಬಟ್ಟೆಯಿಲ್ಲ, ಹರಿಯುವುದಿಲ್ಲ. ಹೊಸ ಸೊಸೆ ಬಂದಳೆಂದು ಜಗಲಿಯನ್ನು ಯಾರೂ ಹೊರಹಾಕಲಾರರು, ಅದು ಹೊರಗೇ ಇದೆ. ಮೈಸೂರು ಸೀಮೆಯ ಹಳ್ಳಿಮನೆಗಳಿಗೂ ಬೀದಿಬಾಗಿಲ ಎರಡು ಕಡೆ ಜಗಲಿಯಿತ್ತು. ರಾಜಾಜಿನಗರಕ್ಕೆ ಸೈಟು ಹಿಡಿದು ಬಂದವರಲ್ಲಿ ಹಲವರು ಅಂಥ ಮನೆಗಳಿಂದ ಬಂದವರೇ.

ಸಿದ್ಧಾಂತ ಹೀಗೆ. ಸಾವಿರದಿನ್ನೂರು ಚದರಡಿಯ ಸೈಟಿನಲ್ಲಿ ಸುತ್ತ ಜಾಗ ಬಿಟ್ಟು, ಬಾಡಿಗೆಗೊಂದು ಮನೆ ಕಟ್ಟಿ, ಮೆಟ್ಟಿಲಿಗೊಂದು ಮೂಲೆ ಕೊಟ್ಟ ಮೇಲೆ ಜಗಲಿಗೆ ಉಳಿದದ್ದು ಸೊನ್ನೆ. ಕೂರುವ ಚಟ ಮಾತ್ರ ಉಳಿಯಿತು. ಸಂಜೆ ಹೊತ್ತು ಬೀದಿಗೆ ಮುಖ ಮಾಡಿ ಕೂರದಿದ್ದರೆ ಊಟ ಸೇರದವರಿಗೆ ಕಟ್ಟೆ ಇಲ್ಲದಾಗ ಕೈಗೆ ಸಿಕ್ಕಿದ್ದು ಸೋಫಾ. ಹವೆಯೂ ಅನುಕೂಲವಾಗಿತ್ತು. ಸಮುದ್ರಮಟ್ಟದಿಂದ 900 ಮೀಟರಿನ ಮೇಲೆ, ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಮಂಗಳೂರಿನಲ್ಲಿ ಒಂದೇ ಮಳೆಗಾಲದಲ್ಲಿ ಸಾಯುವ ಸೋಫಾ ಇಲ್ಲಿ ಅದರ ಎಷ್ಟೋ ಪಟ್ಟು ಕಾಲ ಸಾಯುತ್ತಿರುತ್ತದೆ. ಆದ್ದರಿಂದ ವರಾಂಡಾದ ಸೋಫಾವನ್ನು ಕೆಟ್ಟ ಪೀಠ ಎಂದು ಎಣಿಸಬಾರದು, ಬಟ್ಟೆ ಹೊದ್ದ ಜಗಲಿ ಎಂದು ಎಣಿಸತಕ್ಕದ್ದು. ಮುಂದೆ ಮನೆ ಕಟ್ಟಿಸುವವರು ಗ್ರಿಲ್ಲಿನ ಒಳಗೋಡೆಗೆ ಹೊಂದಿಸಿ ಹದಿನೆಂಟಂಗುಲ ಎತ್ತರಕ್ಕೆ ಎರಡು ಸಾಲು ಕಟ್ಟಿ ಮೇಲೆ ಕಡಪಾ ಕಲ್ಲು ಹಾಸಿದರೆ ಈ ಶಾಸ್ತ್ರದ ಮುಕ್ಕಾಲು ಭಾಗ ಅನಗತ್ಯವಾಗುತ್ತದೆ. ಮೇಸ್ತ್ರಿಗೆ ಅದು ಅರ್ಧ ದಿನದ ಕೆಲಸ. ಹಾಗೆ ಕಟ್ಟಿಸಿದವರ ಮನೆಗಳೂ ಬಸವೇಶ್ವರನಗರದಲ್ಲಿವೆ. ಕಲ್ಲಿನ ಮೇಲೆ ಕೂರಲು ಚಳಿ ಎಂದು ಅವರು ಹಳೇ ಸೋಫಾದ ಕುಶನ್ನುಗಳನ್ನು ಅದರ ಮೇಲೆ ಹಾಕಿಕೊಂಡಿದ್ದಾರೆ.

ವಿವಾದ ಪ್ರಕರಣ

ಒಂದು ವಸ್ತುವಿನ ವರ್ಗ ಇನ್ನೂ ನಿರ್ಣಯವಾಗಿಲ್ಲ. ಅದು ಟ್ರೆಡ್‌ಮಿಲ್. ಸಕ್ಕರೆ ಕಾಯಿಲೆಯ ರಿಪೋರ್ಟು ಬಂದ ವಾರ ನಡುಮನೆಗೆ ಬಂದು, ಮಾರನೆಯ ಯುಗಾದಿಯೊಳಗೆ ವರಾಂಡಾ ಸೇರಿದ್ದು. ಕೂರಲು ಬರುವುದಿಲ್ಲವಾದ್ದರಿಂದ ಪೀಠವಲ್ಲ ಎಂದು ರಾಜಾಜಿನಗರದ ಪಂಡಿತರು. ಅದರ ಪಟ್ಟಿಯ ಮೇಲೆ ತಾತನವರು ಬೆಳಗ್ಗೆ ಕೂತು ಪೇಪರ್ ಓದುತ್ತಿರುವುದನ್ನು ಕಣ್ಣಾರೆ ಕಂಡಿದ್ದೇವೆ, ಆದ್ದರಿಂದ ಪೀಠವೇ ಎಂದು ವಿಜಯನಗರದವರು. ಎರಡು ಹಿಡಿಗಳ ಮೇಲೆ ಟವೆಲ್, ಲುಂಗಿ, ಮಕ್ಕಳ ಯೂನಿಫಾರಂ ಒಣಗುತ್ತಿರುವುದರಿಂದ ಇದನ್ನು ಆದೇಶ ಸಂಧಿಯಲ್ಲಿ ಬಟ್ಟೆಗೂಟವೆಂದು ಸೇರಿಸಬೇಕೆಂದು ಕೆಂಗೇರಿ ಶಾಖೆಯ ಗೃಹಿಣಿಯರು ಅರ್ಜಿ ಕೊಟ್ಟಿದ್ದಾರೆ. ಮೋಟಾರು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿದರೆ ತೀರ್ಮಾನ ಸುಲಭವಾಗುತ್ತಿತ್ತು. ಆದರೆ ವರಾಂಡಾದಲ್ಲಿರುವ ಒಂದೇ ಪ್ಲಗ್ಗಿಗೆ ಮಗನ ಎಲೆಕ್ಟ್ರಿಕ್ ಸ್ಕೂಟರು ಚಾರ್ಜಿಗೆ ಹಾಕಿದೆ.